ಹೊಳೆ ದಾಟುವ ದೇವರು

ಆಗಸ್ಟ್ 28, ಬುಧವಾರ. ಬುರೈದಾ

ಇವತ್ತೂ ಅದೇ ಪ್ರಶ್ನೆ. ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ, ಒಂದು ಕೈಯಲ್ಲಿ ಚಾ, ಇನ್ನೊಂದರಲ್ಲಿ ಮಗಳು ಸಫಾಳ ಟಿಫಿನ್. ನನ್ನ ಗಂಡ ಶಹೀರ್‌ನ ತಾಯಿ ಜಮೀಲಮ್ಮ ಸೋಫಾದ ತುದಿಯಲ್ಲಿ, ಬೇರೆಯವರ ಮನೆಗೆ ಬಂದವರು ಕೂರುವ ಹಾಗೆ ಕೂತು ಕೇಳಿದರು.

"ಇದು ಯಾರ ಮನೆ ಖೌಲಾ?"

"ನಿಮ್ಮ ಮಗನ ಮನೆ ಮಾಮಿ."

"ಮನೆ ಲಾಯ್ಕುಂಟು. ನಾವು ನಮ್ಮ ಮನೆಗೆ ಹೋಗುವುದು ಯಾವಾಗ?"

ಅವರು ಹೆಜಮಾಡಿಯಿಂದ ಸೌದಿಗೆ ಬಂದು ಎರಡು ವಾರವಾಯಿತು. ದಿನಕ್ಕೆ ಹತ್ತು ಸಲ ಇದೇ ಮಾತು. ಮರೆವು ಶುರುವಾಗಿ ವರ್ಷವಾಗಿದೆ. ಮಂಗಳೂರಿನ ಡಾಕ್ಟರು ಶಹೀರ್‌ಗೆ ಫೋನಿನಲ್ಲಿ ನೇರವಾಗಿ ಹೇಳಿದ್ದರು, ಇದು ನಿಲ್ಲುವ ಮರೆವಲ್ಲ, ತಾಯಿಗೆ ಏನಾದರೂ ತೋರಿಸುವುದಿದ್ದರೆ ಬೇಗ ತೋರಿಸಿ ಎಂದು. ಜಮೀಲಮ್ಮನಿಗೆ ತೋರಿಸುವುದು ಎಂದರೆ ಒಂದೇ. ಮದುವೆಯಾದಾಗಿನಿಂದ ಅವರು ಆಸೆಪಟ್ಟದ್ದು ಅದೊಂದನ್ನೇ. ಅದು ಕಾಬಾ ಎಂದು ಗೊತ್ತಿರುವಾಗಲೇ ಕಾಬಾ ನೋಡಬೇಕು. ಅದಕ್ಕೇ ವಿಸಿಟ್ ವೀಸಾ, ಅದಕ್ಕೇ ಈ ಓಡಾಟ. ಶಹೀರ್ ಖರ್ಜೂರದ ಕಂಪೆನಿಯಲ್ಲಿ ಲೋಡಿಂಗ್ ನೋಡಿಕೊಳ್ಳುವವನು, ಸೀಸನ್‌ನಲ್ಲಿ ಅವನಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಸೆಪ್ಟೆಂಬರ್ 23ರ ರಾಷ್ಟ್ರೀಯ ದಿನದ ಹೊತ್ತಿಗೆ ರಜೆ ಸಿಗಬಹುದಂತೆ.

ಅಲ್ಲಿಯವರೆಗೆ ನಾನು ನನ್ನ ಟೀಚರ್ ಬುದ್ಧಿ ಬಿಡುತ್ತಿಲ್ಲ. ಟಿವಿಯಲ್ಲಿ ಮಕ್ಕಾದ ಚಾನೆಲ್ ಹಾಕಿ, ಚಿನ್ನದ ಪಟ್ಟಿಯ ಕಪ್ಪು ಹೊದಿಕೆಯ ಕಟ್ಟಡಕ್ಕೆ ಬೆರಳು ತೋರಿಸಿ ಕೇಳುತ್ತೇನೆ, "ಇದೆಂತ ಮಾಮಿ?"

"ಇಷ್ಟೂ ಗೊತ್ತಿಲ್ವಾ ನಿನಗೆ? ಕಾಬಾ. ನಿನ್ನನ್ನು ಮೇಡಂ ಮಾಡಿದ್ದು ಯಾರು?"

ಪಾಸು.

ಈ ಮನೆಯಲ್ಲಿ ಮಾತು ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಉರ್ದು ಬೆರೆಸಿದ ಅರಬಿ. ಸಫಾಳಿಗೆ ಕನ್ನಡ ಓದಲು ಬಾರದು. ಶಹೀರ್‌ಗೆ ಬರುತ್ತದೆ, ಆದರೆ ಅವನು ಓದುವುದು ಲಾರಿಯ ನಂಬರ್ ಪ್ಲೇಟ್ ಮಾತ್ರ. ಹಾಗಾಗಿ ಇಲ್ಲಿ ಬರೆದದ್ದಕ್ಕೆ ಬೀಗ ಬೇಕಿಲ್ಲ. ಬರೆದುಬಿಡುತ್ತೇನೆ: ನನಗೆ ಸುಸ್ತಾಗಿದೆ. ಇವರು ನನ್ನ ತಾಯಿಯಲ್ಲ.

ಸೆಪ್ಟೆಂಬರ್ 4, ಬುಧವಾರ

ಹನ್ನೊಂದನೇ ಕ್ಲಾಸಿಗೆ ಇವತ್ತು ನನ್ನ ಇಷ್ಟದ ಪಾಠ. ಹಳೆಯ ದೊಡ್ಡ ಸಾಮ್ರಾಜ್ಯಗಳು ಕುಸಿದವು. ಕುಸಿದ ಜಾಗದಲ್ಲೇ ಎಲ್ಲರನ್ನೂ ಕರೆಯುವ ಧರ್ಮಗಳು ಹರಡಿದವು. ಚೀನಾದಲ್ಲಿ ಹಾನ್ ದೊರೆಗಳು ಹೋದ ಮೇಲೆ ಬೌದ್ಧ ಭಿಕ್ಷುಗಳು. ರೋಮ್ ಸೊರಗುತ್ತ ಹೋದಂತೆ ಕ್ರೈಸ್ತರು. ಪೂರ್ವದ ರೋಮ್ ಮತ್ತು ಪರ್ಷಿಯಾ ಹೊಡೆದಾಡಿ ಹೈರಾಣಾದಾಗ ಈ ಮರಳಿನಿಂದ ಇಸ್ಲಾಂ. ಏಕೆ ಹೀಗೆ? ಬೋರ್ಡಿನ ಮೇಲೆ ಕಾರಣ ಬರೆದೆ: ಸಾಮ್ರಾಜ್ಯ ಹಾಕಿಕೊಟ್ಟು ಹೋದ ರಸ್ತೆ, ವ್ಯಾಪಾರಿಗಳು, ಊರೂರಲ್ಲಿ ನಡೆಯುವ ಒಂದು ಭಾಷೆ, ಹೊಸ ದೊರೆಗಳಿಗೆ ಬೇಕಿದ್ದ ಮರ್ಯಾದೆ, ವಿಧವೆ ಅನಾಥರಿಗೆ ಅನ್ನ, ರೋಗ, ಸಾವು ಬಂದಾಗ ಆರೈಕೆ. ಆರು ಕಾರಣ, ಆರು ಅಂಕ. ಮಕ್ಕಳು ಇಳಿಸಿಕೊಂಡರು.

ಸಫಾ ಕೈ ಎತ್ತಿದಳು. ಅವಳು ನನ್ನದೇ ಕ್ಲಾಸಿನಲ್ಲಿರುವುದು ಇಬ್ಬರಿಗೂ ತಲೆನೋವು. ಶಾಲೆಯಲ್ಲಿ ನಾನು ಮ್ಯಾಮ್.

"ಮ್ಯಾಮ್, ರಾಜ ಸೋತರೆ ಅವನ ದೇವರೂ ಸೋತ ಹಾಗಲ್ವಾ? ಇವರ ದೇವರು ಮಾತ್ರ ಯಾಕೆ ಸೋಲಲಿಲ್ಲ?"

"ಆ ದೇವರಿಗೆ ಕೋಟೆ ಇರಲಿಲ್ಲ. ಇಲ್ಲದ ಕೋಟೆಯನ್ನು ಯಾರು ಒಡೆಯುತ್ತಾರೆ?" ಎಂದೆ. ಉತ್ತರ ನನಗೇ ಮೆಚ್ಚುಗೆಯಾಯಿತು. ಹಿಂದಿನ ಬೆಂಚಿನ ಹುಡುಗಿಯರು ಮೇಜು ಬಡಿದರು.

ಮಗಳಿಗೆ ಸಮಾಧಾನವಾಗಲಿಲ್ಲ. ಕಾರಿನಲ್ಲಿ ಪುನಃ ತೆಗೆದಳು. "ಕೋಟೆ ಇಲ್ಲ ಅಂದ್ರೆ ಜನ ಹೋಗಿ ನಿಲ್ಲುವುದೆಲ್ಲಿ ಉಮ್ಮ?"

ಸಿಗ್ನಲ್ ಹಸಿರಾಯಿತು. ನನಗೆ ಗೊತ್ತಿರಲಿಲ್ಲ, ಅದಕ್ಕೆ ಹೋಮ್‌ವರ್ಕಿನ ಮಾತು ತೆಗೆದೆ.

ಸೆಪ್ಟೆಂಬರ್ 11, ಬುಧವಾರ

ಮಾಮಿಯ ಕೈಯಿಂದ ಮೀನಿನ ಸಾರಿಗೆ ಸಕ್ಕರೆ ಬಿದ್ದಿತ್ತು. ನಾನು ಮುಖ ಗಂಟಿಕ್ಕಿದೆ, ಸಫಾ ನಕ್ಕಳು, ಅವರೂ ನಕ್ಕರು. ಆಮೇಲೆ ಸಾರಿನ ಮೀನನ್ನು ನೋಡುತ್ತ ಇದ್ದಕ್ಕಿದ್ದಂತೆ ಗಿರಿಜಳ ನೆನಪಾಯಿತು ಅವರಿಗೆ.

ಗಿರಿಜ ಹೆಜಮಾಡಿಯಲ್ಲಿ ನಮ್ಮ ಮನೆಗೆ ಮೀನು ತರುವವಳು. ಎಷ್ಟೋ ವರ್ಷದ ಸ್ನೇಹ. ಹೊರಡುವ ದಿನ ಬಂದು ಕೈ ಹಿಡಿದು ಹೇಳಿದಳಂತೆ: "ನಮ್ಮ ದೈವ ಶಾಂಭವಿ ಹೊಳೆ ದಾಟುವುದಿಲ್ಲ ಜಮೀಲಮ್ಮ. ಹೊಳೆಯಿಂದ ಈಚೆ ಎಲ್ಲ ಅದೇ ನೋಡಿಕೊಳ್ತದೆ. ನನ್ನ ಮಗಳು ಈಗ ಬೊಂಬಾಯಿಯಲ್ಲಿ. ನಿಮ್ಮ ದೇವರು ಎಲ್ಲ ಹೊಳೆ ದಾಟ್ತಾನಲ್ಲ, ಅಲ್ಲಿ ಹೋದಾಗ ಅವಳ ವಿಷಯ ಒಂದು ಮಾತು ಹೇಳಿ."

"ಎಂತ ವಿಷಯ ಮಾಮಿ?"

ಅವರು ಬಹಳ ಹೊತ್ತು ಯೋಚಿಸಿದರು. ಹುಬ್ಬು ಕೂಡಿ ಬಂತು. "ಮರ್ತೇ ಹೋಯ್ತು. ಪಾಪ, ಅವಳು ನಂಬಿ ಹೇಳಿದ್ದು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಪಾತ್ರೆ ತೊಳೆಯುವಾಗ ಗಿರಿಜಳ ಮಾತನ್ನೇ ನೆನೆಯುತ್ತಿದ್ದೆ. ಬೋರ್ಡಿನ ಮೇಲಿನ ನನ್ನ ಆರು ಕಾರಣಗಳಿಗಿಂತ ಅವಳ ಒಂದು ಹೊಳೆ ಸ್ಪಷ್ಟವಾಗಿದೆ. ಊರು ಗಟ್ಟಿಯಿರುವವರೆಗೆ ಊರ ದೈವ ಸಾಕು. ಮಗಳು ಹೊಳೆ ದಾಟಿದ ದಿನ ತಾಯಿಗೆ ಬೇರೆ ಚಿಂತೆ ಹತ್ತುತ್ತದೆ.

ಸೆಪ್ಟೆಂಬರ್ 17, ಮಂಗಳವಾರ



ಶಹೀರ್ ಲೋಡ್ ಜೊತೆ ಹಫ್ರ್ ಅಲ್ ಬಾತಿನ್‌ಗೆ ಹೋಗಿದ್ದ. ನಾನೂ ಸಫಾಳೂ ಶಾಲೆಯಿಂದ ಬಂದಾಗ ಬಾಗಿಲು ತೆರೆದಿತ್ತು. ಟಿವಿ ಓಡುತ್ತಿತ್ತು. ಮಾಮಿ ಇರಲಿಲ್ಲ. ಶಹೀರ್‌ನ ದೊಡ್ಡ ಚಪ್ಪಲಿಯೂ ಇರಲಿಲ್ಲ. ಹೊರಗೆ ಕೆಂಡದಂಥ ಬಿಸಿಲು.

ಮೆಟ್ಟಿಲಿಳಿದು ಓಡುವಾಗ ಕೆಳಗಿನ ಮನೆಯ ಸುಡಾನಿ ಹೆಂಗಸು ಬಾಗಿಲು ತೆರೆದಳು. ಒಂದು ವರ್ಷದಿಂದ ಒಂದೇ ಕಟ್ಟಡ, ನಾನು ಸಲಾಂ ಬಿಟ್ಟು ಬೇರೆ ಮಾತಾಡಿದವಳಲ್ಲ. ನನ್ನ ಮುಖ ನೋಡಿದ್ದೇ ಏನು ಎತ್ತ ಕೇಳದೆ ಶಾಲು ಹೊದ್ದು ಜೊತೆಗೆ ಬಂದಳು. ಅಂಗಡಿಯವನಿಗೆ ಗೊತ್ತಿಲ್ಲ. ಎದುರಿನ ಬೀದಿಯಲ್ಲಿ ಇಲ್ಲ. ಮಸೀದಿಯ ಹೆಂಗಸರ ಬಾಗಿಲಿನ ಹತ್ತಿರ ಯಾರೋ ಪಕ್ಕದ ಗೇಟು ತೋರಿಸಿದರು.

ಒಳಗೆ ಹೋದರೆ ನಮ್ಮ ಜಮೀಲಮ್ಮ ಕೆಂಪು ಹಾಸಿನ ಮೇಲೆ ದಿಂಬಿಗೆ ಒರಗಿ ಮಹಾರಾಣಿಯ ಹಾಗೆ ಕೂತಿದ್ದಾರೆ. ಕೈಯಲ್ಲಿ ಗಾವಾ ಎನ್ನುವ ಅರಬಿ ಕಾಫಿಯ ಪುಟ್ಟ ಬಟ್ಟಲು, ಮುಂದೆ ಸುಕ್ಕರಿ ಖರ್ಜೂರ. ಎದುರಿಗೆ ಅವರದೇ ವಯಸ್ಸಿನ ಮನೆಯೊಡತಿ, ಎಲ್ಲರೂ ಉಮ್ಮ್ ಸುಲೈಮಾನ್ ಎನ್ನುವ ಅಜ್ಜಿ. ಇವರು ಬ್ಯಾರಿಯಲ್ಲಿ ಹೇಳುತ್ತಾರೆ, ಅವರು ಅರಬಿಯಲ್ಲಿ ಹೇಳುತ್ತಾರೆ, ಇಬ್ಬರಿಗೂ ಮಾತು ಸಾಗುತ್ತಿದೆ.

"ಬಿಸಿಲಲ್ಲಿ ನಿಂತಿದ್ದಳು. ಯಾರು ಅಂತ ಕೇಳಿದೆ. ಗರೀಬ್ ಅಂದಳು" ಎಂದರು ಉಮ್ಮ್ ಸುಲೈಮಾನ್.

ನನಗೆ ನೆಲ ಬಿರಿಯಬಾರದೇ ಅನಿಸಿತು. ಗರೀಬ್. ಹೆಜಮಾಡಿಯ ಮನೆ ಬಾಗಿಲಿಗೆ ಬರುವ ಭಿಕ್ಷುಕರು ಹೇಳುವ ಮಾತು, ಗರೀಬ್ ಹೇ ಅಮ್ಮಾ. ಈ ಊರಿನವರ ಬಾಗಿಲಲ್ಲಿ ನಿಂತು ನಮ್ಮ ಮಾಮಿ ತಾನು ಬಡವಿ, ಏನಾದರೂ ಕೊಡಿ ಎಂದು ಕೇಳಿದರೇ? ನಾನು ನನ್ನ ಹರಕು ಅರಬಿಯಲ್ಲಿ ಶುರುಮಾಡಿದೆ: ಇಲ್ಲ, ಇಲ್ಲ, ನಾವು ಗರೀಬ್ ಅಲ್ಲ, ನನ್ನ ಗಂಡನಿಗೆ ಒಳ್ಳೆ ಕೆಲಸ, ನಾನು ಟೀಚರ್, ನಾವು ಯಾರೂ ಗರೀಬ್ ಅಲ್ಲ.

ಉಮ್ಮ್ ಸುಲೈಮಾನ್ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ಹಾಗಾದರೆ ನೀನು ಬುರೈದಾದ ಯಾರ ಮನೆಯ ಹುಡುಗಿ?"

ಸುಡಾನಿ ಹೆಂಗಸು ನಗು ತಡೆಯಲಾರದೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಅರಬಿಯಲ್ಲಿ ಗರೀಬ್ ಎಂದರೆ ಬಡವ ಅಲ್ಲವಂತೆ. ಬೇರೆ ಕಡೆಯಿಂದ ಬಂದವನು. ಈ ಊರಲ್ಲಿ ಯಾರೂ ಇಲ್ಲದವನು.

"ಗರೀಬ್ ಅಂದ ಮೇಲೆ ಇನ್ನೇನು ಕೇಳುವುದು? ಒಳಗೆ ಕರೆದೆ" ಎಂದು ಉಮ್ಮ್ ಸುಲೈಮಾನ್ ನನಗೂ ಒಂದು ಬಟ್ಟಲು ಗಾವಾ ಬಗ್ಗಿಸಿದರು. ಕುಡಿದೆ. ಕುಡಿಯುತ್ತ ಯಾಕೋ ಅಳು ಬಂತು.

ಸೆಪ್ಟೆಂಬರ್ 18, ಬುಧವಾರ

ಪಾಠ ಮಾಡುವಾಗಲೂ ಆ ಶಬ್ದವೇ ತಲೆಯಲ್ಲಿ. ಅರಬಿಯಲ್ಲಿ ಹೊರಗಿನವನು, ನಮ್ಮ ಕಡೆಗೆ ಬರುವಷ್ಟರಲ್ಲಿ ಬಡವ. ದಾರಿಯಲ್ಲಿ ಎಲ್ಲೋ ಅರ್ಥ ಜಾರಿತು ಎಂದುಕೊಂಡಿದ್ದೆ. ಆಮೇಲೆ ಹೊಳೆಯಿತು, ನಮ್ಮ ಕನ್ನಡದಲ್ಲೂ ಹಾಗೇ ಇದೆಯಲ್ಲ. ಪರದೇಶಿ. ಬೇರೆ ದೇಶದವನು ಎಂದೂ ಹೌದು, ದಿಕ್ಕಿಲ್ಲದವನು ಎಂದೂ ಹೌದು. "ಅಪ್ಪ ಸತ್ತು ಮಕ್ಕಳು ಪರದೇಶಿಗಳಾದವು" ಎನ್ನುತ್ತೇವೆ, ಮಕ್ಕಳು ಹುಟ್ಟಿದ ಮನೆಯಲ್ಲೇ ಇದ್ದರೂ.

ಸಾಮ್ರಾಜ್ಯ ಬಿದ್ದಾಗ ಆಗಿದ್ದು ಇದೇ ಇರಬೇಕು. ಯಾರೂ ಊರು ಬಿಡಲಿಲ್ಲ, ಎಲ್ಲರೂ ಪರದೇಶಿಗಳಾದರು.

ಆ ಸುಡಾನಿ ಹೆಂಗಸಿನ ಹೆಸರು ಬತೂಲ್. ನಾಳೆಯಿಂದ ನೀನು ಶಾಲೆಗೆ ಹೋಗುವಾಗ ಅಜ್ಜಿಯನ್ನು ನನ್ನಲ್ಲಿ ಬಿಟ್ಟು ಹೋಗು ಎಂದಳು. ಬೇಡ ಎಂದೆ. ಸಂಜೆ ಪುನಃ ಬಂದು ಹೇಳಿದಳು. ಆಯಿತು ಎಂದೆ.

ಸೆಪ್ಟೆಂಬರ್ 22, ಭಾನುವಾರ

ರಜೆ ಇಲ್ಲ.

"ಸೀಸನ್ ಮಾರಾಯ್ತಿ. ಮ್ಯಾನೇಜರ್ ಒಪ್ಪುವುದಿಲ್ಲ. ಅಕ್ಟೋಬರ್ ಕೊನೆಗೆ ಖಂಡಿತ" ಎಂದ ಶಹೀರ್.

"ಅಷ್ಟರವರೆಗೆ ಇವರ ತಲೆ ನಿಮ್ಮ ಮ್ಯಾನೇಜರನ್ನು ಕೇಳಿಕೊಂಡು ಕೆಲಸ ಮಾಡ್ತದಾ?"

ಅವನು ಊಟ ಬಿಟ್ಟು ಎದ್ದ. ನಾನೂ ತಿನ್ನಲಿಲ್ಲ. ಮಾಮಿಯನ್ನು ಟಿವಿಯ ಮುಂದೆ ಕರೆದುಕೊಂಡು ಹೋಗಿ ಕೇಳಿದೆ. ಇವತ್ತು ಮಾಮಿಗೆ ಕಾಬಾ ಎನ್ನಲು ಹೊತ್ತು ಹಿಡಿಯಿತು. ಹೇಳಿದರು, ಆದರೆ ನನ್ನ ಮುಖ ನೋಡಿ ನೋಡಿ, ಪಕ್ಕದ ಬೆಂಚಿನಿಂದ ನಕಲು ಮಾಡುವ ಮಕ್ಕಳ ಹಾಗೆ.

ಅಕ್ಟೋಬರ್ 3, ಗುರುವಾರ

ಬತೂಲ್‌ಳ ಮನೆಯಲ್ಲಿ ಮಾಮಿ ಬದನೆಕಾಯಿ ಹೆಚ್ಚುತ್ತಾರೆ, ಅಕ್ಕಿ ಆರಿಸುತ್ತಾರೆ, ನಿದ್ದೆ ಹೋಗುತ್ತಾರೆ. ಅಲ್ಲಿ "ಇದು ಯಾರ ಮನೆ" ಎಂದು ಕೇಳುವುದಿಲ್ಲವಂತೆ. ಕೇಳಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಇವತ್ತು ಮಾಮಿಯನ್ನು ಕರೆಯಲು ಹೋದವಳು ಅಲ್ಲೇ ಕೂತೆ. ಬತೂಲ್ ಒಂದೂವರೆ ವರ್ಷದ ಹಿಂದೆ ಒಮ್ದುರ್ಮಾನಿನಿಂದ ಓಡಿಬಂದವಳು, ಯುದ್ಧ ಶುರುವಾದಾಗ. ನಾನು ಇತಿಹಾಸದ ಟೀಚರ್, ಕುಸಿದ ನಗರವೊಂದರಿಂದ ಬಂದವಳು ನನ್ನ ಕೆಳಗಿನ ಮನೆಯಲ್ಲೇ ಇದ್ದಳು, ಅವಳನ್ನು ಒಂದು ಮಾತು ಕೇಳಿರಲಿಲ್ಲ. ಇವತ್ತು ಕೇಳಿದೆ. ಸರಕಾರ ಇಲ್ಲವಾದಾಗ ಮೊದಲು ಏನು ಹೋಗುತ್ತದೆ?

ಕರೆಂಟು, ನೀರು, ಪೊಲೀಸು ಎನ್ನುತ್ತಾಳೆ ಅಂದುಕೊಂಡಿದ್ದೆ.

"ನೀನು ಯಾರು ಅನ್ನುವುದು ಹೋಗುತ್ತದೆ" ಎಂದಳು ಬತೂಲ್. "ನಾನು ಬ್ಯಾಂಕಿನಲ್ಲಿ ಕೆಲಸಕ್ಕಿದ್ದೆ. ಬ್ಯಾಂಕು ಸುಟ್ಟ ಮೇಲೆ ನಾನು ಯಾರು? ನಮ್ಮ ಬೀದಿಯಲ್ಲಿ ಒಬ್ಬ ತೀರಿಕೊಂಡ. ಯಾರ ಕಡೆಯವನೋ ಗೊತ್ತಿಲ್ಲ. ಮನೆಯವರು ಯಾರೂ ಉಳಿದಿರಲಿಲ್ಲ. ಗುಂಡು ಹಾರುತ್ತಿತ್ತು. ಮಸೀದಿಯಿಂದ ನಾಲ್ಕು ಜನ ಬಂದರು, ಅವರಿಗೂ ಅವನ ಗುರುತಿಲ್ಲ. ತೊಳೆದರು, ಸಾಲು ನಿಂತರು, ಮಣ್ಣು ಮಾಡಿದರು. ಆಮೇಲೆ ಅದೇ ಅಂಗಳದಲ್ಲಿ ದೊಡ್ಡ ಪಾತ್ರೆ ಇಟ್ಟು ಬೀದಿಗೆಲ್ಲ ಅವರೆಕಾಳು ಬೇಯಿಸಿದರು. ಕೆಳಗಿನ ಬೀದಿಯ ಕಾಪ್ಟಿಕ್ ಕ್ರೈಸ್ತರೂ ತಟ್ಟೆ ಹಿಡಿದು ಬಂದರು. ಯಾರು ಎಂದು ಯಾರೂ ಕೇಳಲಿಲ್ಲ."

ನನ್ನ ಐದನೇ ಕಾರಣ, ಆರನೇ ಕಾರಣ. ಎರಡು ಅಂಕ. ಎಷ್ಟು ವರ್ಷ ಇದನ್ನು ಬೋರ್ಡಿನ ಮೇಲೆ ಬರೆದು ಒರೆಸಿದ್ದೇನೆ.

ಮೇಲೆ ಬಂದು ಸಂಜೆಯ ಮಗ್ರಿಬ್ ನಮಾಜಿಗೆ ನಿಂತೆ. ಪೇಪರು ತಿದ್ದುವುದಿತ್ತು, ಆಗಲಿಲ್ಲ. ಇಷ್ಟು ಹೊತ್ತು ಯಾಕೆ ಎಂದು ಸಫಾ ಬಂದು ಬಗ್ಗಿ ನೋಡಿಹೋದಳು.

ಅಕ್ಟೋಬರ್ 13, ಭಾನುವಾರ

ಶಹೀರ್‌ನನ್ನು ಮಾಮಿ "ಹಸನಬ್ಬ" ಎಂದು ಕರೆದರು. ಹಸನಬ್ಬ ಅವರ ತಮ್ಮ, ಎಂದೋ ಹೊಳೆಯಲ್ಲಿ ಹೋದವನು. ಶಹೀರ್ "ನಾನು ಉಮ್ಮ, ಶಹೀರ್" ಎಂದ. ಅವರು ನನ್ನ ಕಡೆ ಬಾಗಿ ಪಿಸುಗುಟ್ಟಿದರು, "ಈ ಗಂಡಸು ಯಾರು ಖೌಲಾ, ಮನೆಯೊಳಗೆ?"

ಶಹೀರ್ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟ. ಬಹಳ ಹೊತ್ತು ನೀರು ಬೀಳುತ್ತಿತ್ತು.

ಸಫಾಳ ಹೆಸರು ಹೋದ ವಾರ ಹೋಯಿತು. ಹೆಜಮಾಡಿ ಹೋಯಿತು, ಮಾವನ ಹೆಸರು ಹೋಯಿತು. ಒಂದೊಂದೇ ಸೀಮೆ ಕೈತಪ್ಪುತ್ತ ಬಂದು ರಾಜಧಾನಿಯೊಂದು ಉಳಿದ ಹಾಗೆ, ಅವರಲ್ಲಿ ನನ್ನ ಹೆಸರು ಉಳಿದಿದೆ. ಹೆತ್ತ ಮಗನ ಹೆಸರು ಹೋಗಿ ನನ್ನದು ಯಾಕೆ ಉಳಿಯಿತೋ. ದೊಡ್ಡ ಬಹುಮಾನ ಸಿಕ್ಕಂತೆಯೂ ಇದೆ, ಹೆದರಿಕೆಯೂ ಇದೆ. ಇದೊಂದು ಹೋದರೆ ನಾನು ತಡೆದುಕೊಳ್ಳುತ್ತೇನಾ, ಗೊತ್ತಿಲ್ಲ.

ಟಿವಿಯಲ್ಲಿ ಮಕ್ಕಾ ಬರುತ್ತಿತ್ತು. ನಾನು ಏನೂ ಕೇಳಲಿಲ್ಲ. ಅವರಾಗಿಯೇ ಹೇಳಿದರು, "ಯಾರೋ ದೊಡ್ಡ ಕಪ್ಪು ಪೆಟ್ಟಿಗೆ ಇಟ್ಟಿದ್ದಾರೆ, ನೋಡು."

ಟಿವಿ ಆರಿಸಿದೆ. ತಡವಾಯಿತು.

ಆದರೆ ರಾತ್ರಿಯ ಇಶಾ ಬಾಂಗ್ ಕೇಳಿದ್ದೇ ಎದ್ದು ಹೋಗಿ ವುಝೂ ಮಾಡಿ ಬಂದರು. ಕೈ, ಬಾಯಿ, ಮೂಗು, ಮುಖ. ಒಂದೂ ತಪ್ಪಲಿಲ್ಲ. ನೆಲದ ಮೇಲೆ ನಮಾಜಿನ ಚಾಪೆ ಮುಸಲ್ಲಾ ಹಾಸಿ, ಪಕ್ಕಕ್ಕೆ ಸರಿದು, ನನಗೆ ಎಂದು ಅರ್ಧ ಬಿಟ್ಟು ನಿಂತರು. ಮಗನನ್ನು ಮರೆತ ತಲೆಗೆ ಇದು ಹೇಗೆ ಗೊತ್ತು? ನಾನು ಬಾಗಿಲಲ್ಲಿ ನಿಂತು ನೋಡಿದೆ.

ಅಕ್ಟೋಬರ್ 24, ಗುರುವಾರ. ತಾಯಿಫ್

ಹೊರಟಿದ್ದೇವೆ. ತಡವಾಗಿದ್ದರೂ ಹೊರಟಿದ್ದೇವೆ. ಮಾಮಿಗೆ ಸುಸ್ತಾದ್ದರಿಂದ ಇವತ್ತು ತಾಯಿಫಿನಲ್ಲಿ ಉಳಿದೆವು, ನಾಳೆ ಯಾತ್ರೆಯ ಇಹ್ರಾಂ ಕಟ್ಟಿ ಮಕ್ಕಾ. ಮಧ್ಯಾಹ್ನ ಆದದ್ದನ್ನು ಬರೆಯದೆ ಮಲಗಲಾರೆ.

ದಾರಿಯ ನಡುವೆ ಪೆಟ್ರೋಲ್ ಪಂಪೊಂದರಲ್ಲಿ ಲೂಹರ್ ನಮಾಜಿಗೆ ನಿಲ್ಲಿಸಿದೆವು. ಸುತ್ತ ಕಣ್ಣು ಹಾಯುವವರೆಗೆ ಕಲ್ಲು, ಮರಳು. ಪಂಪಿನ ಹಿಂದೆ ಸಣ್ಣ ಮಸೀದಿ, ಅದರ ಬೆನ್ನಿಗೆ ಹೆಂಗಸರಿಗೆ ಒಂದು ಕೋಣೆ. ಕಾರ್ಪೆಟ್ಟಿನ ತುಂಬ ಮರಳು, ಮೂಲೆಯಲ್ಲಿ ಬಿಸ್ಕೆಟಿನ ಖಾಲಿ ಪೊಟ್ಟಣ. ಎದುರಿನ ಗೋಡೆಯ ಕಿಟಕಿಗೆ ಗಾಜು ಇರಲಿಲ್ಲ. ಬಿಸಿಲು ತಡೆಯಲು ಯಾರೋ ಹೆಂಗಸರ ಹಳೆಯ ನಿಲುವಂಗಿ, ಅಬಾಯಾ ಒಂದನ್ನು ಅಗಲಿಸಿ ಮೊಳೆ ಹೊಡೆದಿದ್ದರು, ತಲೆಕೆಳಗಾಗಿ. ಹಾಗಾಗಿ ಅಂಚಿನ ಚಿನ್ನದ ಬಣ್ಣದ ಕಸೂತಿ ಮೇಲೆ ಬಂದಿತ್ತು. ಕಪ್ಪು ಬಟ್ಟೆ, ಮೇಲ್ಗಡೆ ಚಿನ್ನದ ಪಟ್ಟಿ.

ಮಾಮಿ ಹೊಸ್ತಿಲಲ್ಲೇ ನಿಂತುಬಿಟ್ಟರು. ನನ್ನ ಕೈಯನ್ನು ಉಗುರು ಊರುವಂತೆ ಹಿಡಿದರು.

"ಬಂತಲ್ಲ ಖೌಲಾ."

"ಎಂತ ಬಂತು ಮಾಮಿ?"

ಅವರು ನನ್ನ ಕೈ ಬಿಟ್ಟು, ಯಾರ ಆಸರೆಯೂ ಇಲ್ಲದೆ ನಡೆದು ಹೋಗಿ ಎರಡೂ ಅಂಗೈಯನ್ನು ಆ ಬಟ್ಟೆಯ ಮೇಲೆ ಇಟ್ಟರು. ಕೆನ್ನೆ ಇಟ್ಟರು. ಸಣ್ಣ ದನಿಯಲ್ಲಿ ಶುರುವಾಯಿತು ದುಆ, ಬ್ಯಾರಿಯಲ್ಲಿ. ಹೆಸರುಗಳು ಬಂದವು. ಮಾವನ ಹೆಸರು, ತಂದೆತಾಯಿಯ ಹೆಸರು, ತಂಗಿ ಬೀಫಾತುಮ್ಮ, ಹೊಳೆಗೆ ಹೋದ ಹಸನಬ್ಬ. ನನ್ನ ಮಗ ಶಹೀರ್‌ಗೆ ಬರಕತ್ ಕೊಡು. ಸಫಾಳಿಗೆ ವಿದ್ಯೆ ಕೊಡು. ತಿಂಗಳಿಂದ ಕಾಣೆಯಾಗಿದ್ದವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಬಂದ ಹಾಗೆ ಬಂದರು.

ಕೋಣೆಯಲ್ಲಿ ಇನ್ನಿಬ್ಬರು ಇದ್ದರು. ಒಬ್ಬರು ಈ ದೇಶದ ಹೆಂಗಸು, ಇನ್ನೊಬ್ಬಳು ಅವರ ಮನೆಗೆಲಸದ ಇಂಡೋನೇಷ್ಯಾದ ಹುಡುಗಿ. ನಮಾಜು ಮುಗಿಸಿ ಎದ್ದವರು ಅಳುವ ಮುದುಕಿಯನ್ನು ಕಂಡು ಅಲ್ಲೇ ಕೂತು ಕೈಯೆತ್ತಿದರು. ಒಂದಕ್ಷರ ಅರ್ಥವಾಗುವಂತಿಲ್ಲ. ಆದರೂ ಮಾಮಿ ಉಸಿರೆಳೆಯಲು ನಿಲ್ಲಿಸಿದಲ್ಲೆಲ್ಲ ಆಮೀನ್ ಎಂದರು.

"ಗಿರಿಜ ಹೇಳಿದ್ದಾಳೆ. ಅವಳ ಮಗಳು ಶಶಿಕಲಾಗೆ ಮದುವೆಯಾಗಿ ಇಷ್ಟು ವರ್ಷವಾದರೂ ಮಕ್ಕಳಿಲ್ಲ. ಅವಳ ಮಡಿಲು ತುಂಬಿಸು. ಅವರ ದೈವ ಹೊಳೆ ದಾಟುವುದಿಲ್ಲವಂತೆ, ನೀನೇ ನೋಡಿಕೊಳ್ಳಬೇಕು."

ಆಮೀನ್ ಎಂದಳು ಜಾವಾದ ಯಾವುದೋ ಹಳ್ಳಿಯ ಹುಡುಗಿ. ಹೆಜಮಾಡಿಯ ಮೀನು ಮಾರುವ ಗಿರಿಜಳ ಮಗಳಿಗೆ. ಪೆಟ್ರೋಲ್ ಪಂಪಿನ ಹಿಂದೆ.

"ನನ್ನ ಖೌಲಾ ಉಂಟಲ್ಲ" ಎಂದರು ಮಾಮಿ, ಬಟ್ಟೆಗೆ ಬಾಯಿ ಹತ್ತಿರ ತಂದು, ಯಾರಿಗೂ ಕೇಳಬಾರದು ಎಂಬಂತೆ. "ಬಾಯಿ ಸ್ವಲ್ಪ ಜೋರು. ಆದರೆ ನನ್ನನ್ನು ತೊಳೆದು ಬಳಿದು ಮಾಡ್ತಾಳೆ. ಅವಳನ್ನು ಮಾತ್ರ ಪರದೇಶಿ ಮಾಡಬೇಡ."

ನಾನು ಆಮೀನ್ ಅಂದೆನೋ ಇಲ್ಲವೋ ನೆನಪಿಲ್ಲ. ಸಫಾ ಹೇಳುತ್ತಾಳೆ, ಜೋರಾಗಿ ಅಂದೆನಂತೆ.

ಹೊರಗೆ ಬಂದ ಮೇಲೆ ಸಫಾ ನನ್ನ ಕಿವಿಯಲ್ಲಿ, "ಉಮ್ಮ, ಅದು ಕರ್ಟನ್" ಎಂದಳು.

"ಹೌದು."

"ಅಜ್ಜಿಗೆ ಹೇಳುವುದಿಲ್ವಾ?"

"ನೀನು ಹೇಳ್ತೀಯಾ?"

ಅವಳು ತಲೆ ಅಲ್ಲಾಡಿಸಿದಳು. ಶಹೀರ್ ಎಲ್ಲ ಕೇಳಿ ಕಾರಿಗೆ ಒರಗಿ ನಿಂತ. "ಹಾಗಾದರೆ ಈಗ ನಾವು ಹೋಗುವುದೆಲ್ಲಿಗೆ ಮಾರಾಯ್ತಿ?" ಎಂದು ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ.

ರಸ್ತೆ, ವ್ಯಾಪಾರ, ಭಾಷೆ, ದೊರೆ. ಅವೆಲ್ಲ ಸುಳ್ಳಲ್ಲ. ಒಂದು ಮಾತು ಬಾಗಿಲವರೆಗೆ ಹೇಗೆ ಬಂತು ಎನ್ನುವುದನ್ನು ಅವು ಹೇಳುತ್ತವೆ. ಬಾಗಿಲಲ್ಲಿ ನಿಂತ ಮುದುಕಿ ಯಾಕೆ ಅತ್ತಳು ಎನ್ನುವುದು ಅವುಗಳಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೆ ಗೊತ್ತಿಲ್ಲ ಎಂದು ಬರೆಯುವುದು ಎಷ್ಟು ಹಗುರವಾಗಿದೆ.

ಅಕ್ಟೋಬರ್ 26, ಶನಿವಾರ. ಮಕ್ಕಾ

ನಿನ್ನೆ ಉಮ್ರಾ ಯಾತ್ರೆ ಆಯಿತು. ಶಹೀರ್ ಗಾಲಿಕುರ್ಚಿ ತಳ್ಳಿದ. ಮೇಲಿನ ಮಹಡಿಯ ಕಟಾಂಜನದ ಹತ್ತಿರ ನಿಲ್ಲಿಸಿ, "ನೋಡು ಉಮ್ಮ, ಕಾಬಾ" ಎಂದ. ಬದುಕಿಡೀ ಕಾದದ್ದು, ಕಣ್ಣ ಮುಂದೆ.

ಮಾಮಿ ಬಗ್ಗಿ ನೋಡಿದರು. ಸುತ್ತು ಬರುವ ಜನಸಾಗರ ನೋಡಿದರು. "ಇಷ್ಟು ಜನ ಯಾರ ಮದುವೆಗೆ ಬಂದದ್ದು?" ಎಂದು ಕೇಳಿದರು.

ಶಹೀರ್ ಕುರ್ಚಿಯ ಹಿಡಿಗೆ ಹಣೆ ಹಚ್ಚಿ ಅತ್ತುಬಿಟ್ಟ. ನಾನು ಅಳಲಿಲ್ಲ. ಅವನ ಬೆನ್ನು ಸವರಿದೆ. ನೋಡುವುದು ಇಲ್ಲಿ ಆಯಿತು, ತಿಳಿಯುವುದು ಆ ಪಂಪಿನ ಹಿಂದೆ ಆಗಿಹೋಗಿದೆ. ಎರಡೂ ಆಯಿತಲ್ಲ. ಎಲ್ಲಿ ಯಾವುದು ಎಂದು ಲೆಕ್ಕ ಕೇಳಲು ನಾನು ಯಾರು?

ಇವತ್ತು ಅಸರ್ ನಮಾಜಿಗೆ ಮುಂಚೆ ಮಾಮಿಯನ್ನೂ ಸಫಾಳನ್ನೂ ಹೆಂಗಸರ ಸಾಲಿನಲ್ಲಿ ಕೂರಿಸಿ ಝಮ್‌ಝಮ್ ನೀರು ತರಲು ಹೋದೆ. ತಿರುಗಿ ಬರುವಷ್ಟರಲ್ಲಿ ಎಲ್ಲರೂ ಎದ್ದಿದ್ದರು, ಸಾಲು ಕೂಡಿತ್ತು. ಎಷ್ಟು ಬಣ್ಣದ ಮುಖಗಳು, ಎಷ್ಟು ದೇಶದ ಬಟ್ಟೆಗಳು. ಗ್ಲಾಸು ಹಿಡಿದು ಸಾಲಿನ ಹೊರಗೆ ನಿಂತೆ. ನನಗೆ ಎಲ್ಲೂ ಸಂದಿ ಕಾಣಲಿಲ್ಲ.

ಮಾಮಿ ತಿರುಗಿ ನನ್ನನ್ನು ನೋಡಿದರು. ನೇರವಾಗಿ ನನ್ನ ಮುಖವನ್ನೇ. ಆ ನೋಟ ನನಗೆ ಗೊತ್ತು. ಹೆಜಮಾಡಿಯ ಜಗಲಿಗೆ ಹೊಸಬರು ಯಾರಾದರೂ ಬಂದರೆ ಹಾಗೆ ನೋಡುತ್ತಿದ್ದರು.

"ಯಾರು ಮಗಳೇ ನೀನು?"

ನನ್ನ ಹೆಸರು ನಾಲಗೆಯ ತುದಿಗೆ ಬಂತು. ನಾನು ಮಾಮಿ, ಖೌಲಾ, ನೋಡಿ, ನೆನಪಿಲ್ವಾ? ಬಾಯಿ ತೆರೆದೆ. ಇನ್ನು ಪರೀಕ್ಷೆ ಸಾಕು.

"ಗರೀಬ್" ಎಂದೆ.

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಎಡಕ್ಕೆ ಸಫಾಳ ಮೇಲೆ ಒತ್ತಿ ಸರಿದರು. ಅವರ ಬಲಗಡೆ ನಿಂತಿದ್ದ ಆಫ್ರಿಕಾದ ಅಜ್ಜಿಯೊಬ್ಬರು, ಮಾತು ತಿಳಿಯದಿದ್ದರೂ ತಾವೂ ಸರಿದರು. ಮಾಮಿ ನನ್ನ ತೋಳು ಹಿಡಿದು ಎಳೆದರು.

"ಹೊರಗೆ ನಿಲ್ಲುವುದು ಯಾಕೆ? ಬಾ, ಇಲ್ಲಿ ಜಾಗ ಉಂಟು."

ಗ್ಲಾಸು ಕೆಳಗಿಟ್ಟು ಹೋಗಿ ನಿಂತೆ.